ನನ್ನ ಗಂಡನ ಕೊಬ್ಬು

ಮದುವೆಯಾಗಿ ಈ ಊರಿಗೆ ಕಾಲಿಟ್ಟ ದಿನವೇ ನಾನು ವಿನಯವಂತೆ ಎಂದು ತೀರ್ಮಾನವಾಯಿತು. ನನ್ನ ತವರಿನವರು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಬಾಯಿ ತೆರೆದರೆ ಬೀದಿಯ ನಾಯಿಗಳು ಎದ್ದು ಬೇರೆ ನೆರಳು ಹುಡುಕಿಕೊಳ್ಳುತ್ತವೆ. ಆದರೆ ಇಲ್ಲಿ ಬಾಯಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರಿಶಿನ ಆರದ ಸೀರೆಯಲ್ಲೇ ನನ್ನನ್ನು ಊರ ಮುಂದಿನ ಮಂಟಪಕ್ಕೆ ಕರೆದೊಯ್ದು, ದೊಡ್ಡ ತಕ್ಕಡಿಯಲ್ಲಿ ಕೂರಿಸಿ ತೂಗಿದರು. ಆಮೇಲೆ ಕಂಬಕ್ಕೆ ಒರಗಿಸಿ ಎತ್ತರ ಹಿಡಿದರು. ತೂಕವನ್ನು ಎತ್ತರದಿಂದ ಭಾಗಿಸಿ, ಬಂದದ್ದನ್ನು ಇನ್ನೊಂದು ಸಲ ಅದೇ ಎತ್ತರದಿಂದ ಭಾಗಿಸಿದರು. "ಒಂದ್ಸಲ ಭಾಗ್ಸಿದ್ರೆ ಸಾಲ್ದಾ?" ಅಂತ ಕೇಳಿದೆ. "ಎರಡನೇದು ಖಾತ್ರಿಗೆ ಕಣಮ್ಮ" ಅಂದರು ಅಂಕಿ ತೆಗೆಯುವ ವಾಮನರಾಯರು. ಇಪ್ಪತ್ತೆರಡು ಬಂತು. ಇಪ್ಪತ್ತೈದರ ಒಳಗೆ ಬಂದವರಿಗೆ ವಿನಯ, ಅದನ್ನು ದಾಟಿದವರಿಗೆ ಕೊಬ್ಬು. ನನ್ನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ, ಇವಳು ವಿನಯವಂತೆ ಎಂದು ಮೂರು ದಿಕ್ಕಿಗೆ ಕೂಗಿದರು. ನಾಲ್ಕನೆಯ ದಿಕ್ಕಿನಲ್ಲಿ ಹೊಳೆ ಇತ್ತು.

ಕೊಬ್ಬು ಅಂದರೆ ಮೈಯ ಕೊಬ್ಬೋ ನಡತೆಯ ಕೊಬ್ಬೋ ಎಂದು ಕೇಳುವ ಅಭ್ಯಾಸ ಈ ಊರಿಗಿಲ್ಲ. ಪದ ಒಂದೇ ಇರುವಾಗ ವಸ್ತು ಎರಡು ಹೇಗಾದೀತು ಎಂಬುದು ಇಲ್ಲಿನ ಹಿರಿಯರ ವಾದ. ಅಳೆಯಲು ಬಾರದ ಅಹಂಕಾರವನ್ನು ಅಳೆದು ತೋರಿಸಿದವರು ಪ್ರಪಂಚದಲ್ಲಿ ನಾವೊಬ್ಬರೇ ಎಂದು ಅವರಿಗೆ ಹೆಮ್ಮೆ. ಆ ಹೆಮ್ಮೆಯೂ ಇಪ್ಪತ್ತೈದರ ಒಳಗಿನದಾದ್ದರಿಂದ ಅದು ವಿನಯವೇ. ಕೊಬ್ಬಿನ ಗುರುತಿಗೆ ಕೆಂಪು ದಾರ ಕಟ್ಟಿಸಿಕೊಂಡವರು ಸಭೆಯಲ್ಲಿ ಕೂರುವಂತಿಲ್ಲ, ನಿಂತಿರಬೇಕು. ಪಂಚಾಯ್ತಿಯಲ್ಲಿ ಅವರ ಮಾತು ನಡೆಯುವುದಿಲ್ಲ. ಮಂಟಪದ ಮೆಟ್ಟಿಲ ಮೇಲೆ ನಿಂತು, "ನನ್ನ ಕೊಬ್ಬಿಗೆ ಕ್ಷಮೆ ಇರಲಿ" ಎಂದು ಊರಿಗೆ ಕೇಳುವಂತೆ ಹೇಳಬೇಕು.

ಜನ ಇದಕ್ಕೆ ಹೊಂದಿಕೊಂಡುಬಿಟ್ಟಿದ್ದಾರೆ. ಜನ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ ಹೇಳಿ. ತೂಕದ ದಿನ ಹತ್ತಿರ ಬಂದರೆ ಗಂಡಸರು ತಲೆ ಬೋಳಿಸಿಕೊಳ್ಳುತ್ತಾರೆ, ಹೆಂಗಸರು ಎಣ್ಣೆ ಹಚ್ಚುವುದನ್ನು ಬಿಡುತ್ತಾರೆ. ಕಂಬದ ಹತ್ತಿರ ನಿಂತಾಗ ಹಿಮ್ಮಡಿ ಎತ್ತದವರೇ ಇಲ್ಲ. ತುಂಬಿದ ಬಸುರಿಯರು ಪಾಪ ಕೊನೆಯ ತಿಂಗಳಲ್ಲಿ ಕೊಬ್ಬಿದವರಾಗಿ, ಹೆರಿಗೆಯಾದ ಗಳಿಗೆಯಲ್ಲಿ ಮತ್ತೆ ವಿನಯಕ್ಕೆ ಬರುತ್ತಾರೆ. ಒಮ್ಮೆ ಕಣದಲ್ಲಿ ರಾಗಿ ಕದ್ದವನನ್ನು ಹಿಡಿದು ತಂದರು. ಕೈಯಲ್ಲಿ ಬಿಳಿ ದಾರ. ಕದ್ದರೂ ವಿನಯದಿಂದ ಕದ್ದಿದ್ದಾನೆ ಎಂದು ಬುದ್ಧಿ ಹೇಳಿ ಬಿಟ್ಟರು. ಹಿರಿಯರ ಸಭೆಯ ಯಜಮಾನ ಸದಾನಂದಯ್ಯನವರನ್ನು ನೋಡಬೇಕು ನೀವು. ಆಳು ಉದ್ದ, ಕೈಕಾಲು ನುಗ್ಗೆಕಾಯಿ, ನಡುವೆ ಒಂದು ಬೂದುಗುಂಬಳ ಕಟ್ಟಿಕೊಂಡ ಹಾಗೆ ಹೊಟ್ಟೆ. ಹೊಟ್ಟೆ ಮೊದಲು ಬಾಗಿಲು ದಾಟುತ್ತದೆ, ಯಜಮಾನರು ಆಮೇಲೆ ಬರುತ್ತಾರೆ. ಅಂಕಿ ಮಾತ್ರ ಇಪ್ಪತ್ತಮೂರು. ಯಾರಾದರೂ ಎದುರು ಮಾತಾಡಿದರೆ ಅವರ ತಂದೆತಾಯಿ ಅಜ್ಜಿ ಮುತ್ತಜ್ಜಿಯರನ್ನೆಲ್ಲ ಸಾಲಾಗಿ ಬೈಯುತ್ತಾರೆ. "ಎಂಥ ವಿನಯ" ಎಂದು ಸಭೆ ತಲೆದೂಗುತ್ತದೆ.

ಇಂಥ ಊರಿನಲ್ಲಿ ನನ್ನ ಗಂಡನಿಗೆ ಕೆಂಪು ದಾರ. ಗಂಡನ ಹೆಸರು ಹೇಳಬಾರದಂತೆ, ನಾನು ಹೇಳುತ್ತೇನೆ, ಮಾಚಪ್ಪ. ಬಿಳಿ ದಾರದವಳಾದ್ದರಿಂದ ನನಗೆ ಏನು ಹೇಳಿದರೂ ನಡೆಯುತ್ತದೆ. ಮಾಚಪ್ಪನ ಮನೆತನದ ಕೆಲಸ ಬಟ್ಟೆ ಒಗೆಯುವುದು. ಅದರಲ್ಲೂ ಅವನದು ಜಮಖಾನ. ಮದುವೆ, ನಾಮಕರಣ, ಸಭೆ, ಎಲ್ಲಿ ಜನ ಕೂತು ತಿಂದು ಚೆಲ್ಲಿ ಎದ್ದರೂ ಅಲ್ಲಿನ ಜಮಖಾನ ಒಗೆಯಲು ಹೊಳೆದಂಡೆಯ ನಮ್ಮ ಮಡಿಕಟ್ಟೆಗೆ ಬರುತ್ತದೆ. ಒದ್ದೆಯಾದ ಜಮಖಾನವನ್ನು ಹೊಳೆಯಿಂದ ಮೇಲಕ್ಕೆ ಎಳೆಯುವುದು ಅಂದರೆ ಮಲಗಿದ ಎಮ್ಮೆಯನ್ನು ಎಬ್ಬಿಸಿದ ಹಾಗೆ. ಅದನ್ನು ತಲೆಯ ಮೇಲಿಂದ ಬೀಸಿ ಕಲ್ಲಿಗೆ ಬಡಿಯಬೇಕು, ಹಿಂಡಬೇಕು, ಹೊತ್ತು ಬಂಡೆಯ ಮೇಲೆ ಹರಡಬೇಕು. ಹುಡುಗನಾಗಿದ್ದಾಗಿನಿಂದ ಇದನ್ನೇ ಮಾಡಿ ಮಾಡಿ ಅವನ ರಟ್ಟೆ ನನ್ನ ತೊಡೆಗಿಂತ ದಪ್ಪ ಇತ್ತು. ಬೆನ್ನು ಹೇಗಿತ್ತೆಂದರೆ, ಮದುವೆಯಾದ ಹೊಸತರಲ್ಲಿ ನಾನು ಎಣ್ಣೆ ಹಚ್ಚಲು ಕೂತು ಅರ್ಧಕ್ಕೇ ಸುಸ್ತಾಗಿದ್ದೆ. ಹೊಟ್ಟೆ ಮಾತ್ರ ಒಗೆಯುವ ಕಲ್ಲಿನ ಹಾಗೆ ಚಪ್ಪಟೆ. ಅಂಕಿ ಮೂವತ್ತೊಂದು.

ಊರಿನ ಲೆಕ್ಕದಲ್ಲಿ ಅವನಿಗಿಂತ ಅಹಂಕಾರಿ ಇನ್ನೊಬ್ಬನಿಲ್ಲ. ಅವನ ಅಹಂಕಾರ ಎಂಥದ್ದು ಹೇಳುತ್ತೇನೆ ಕೇಳಿ. ದಾರಿಯಲ್ಲಿ ಕೋಳಿ ಎದುರಾದರೆ ಅವನೇ ಪಕ್ಕಕ್ಕೆ ಸರಿಯುತ್ತಿದ್ದ. ನಾನು ಸಾರಿಗೆ ಉಪ್ಪು ಮರೆತರೆ, "ಇವತ್ತು ನಾಲಿಗೆ ಸರಿ ಇಲ್ಲ ಕಣಮ್ಮಿ, ನಂದೇ" ಅನ್ನುತ್ತಿದ್ದ. ನಾನು ಬೈದರೆ, ನನಗೆ ಕೆಮ್ಮು ಬಂದಾಗ ನೀರು ಕೊಟ್ಟು, ಮುಂದುವರಿಸಲಿ ಎಂದು ಕಾಯುತ್ತಿದ್ದ. ಅಂಥವನ ಜೊತೆ ಜಗಳ ಆಡುವುದು ಎಷ್ಟು ಕಷ್ಟ ಎಂದು ಆಡಿದವರಿಗೇ ಗೊತ್ತು. ನನಗೆ ಅವನೆಂದರೆ ಪ್ರಾಣ. ಇದನ್ನು ಅವನಿಗೆ ಹೇಳಿರಲಿಲ್ಲ, ಹೇಳುವ ಬಾಯಲ್ಲ ನನ್ನದು.

ಹೋದ ಯುಗಾದಿ ಕಳೆದ ಮೇಲಿನ ತೂಕದಲ್ಲಿ ಮತ್ತೆ ಮೂವತ್ತೊಂದು ಬಂತು. ವಾಮನರಾಯರು ಅಂಕಿ ಕೂಗಿದ ಕೂಡಲೇ ಮಾಚಪ್ಪ ಮೆಟ್ಟಿಲ ಮೇಲೆ ನಿಂತು ಕೈ ಮುಗಿದು, "ನನ್ನ ಕೊಬ್ಬಿಗೆ ಕ್ಷಮೆ ಇರಲಿ" ಅಂದ. ದನಿ ಸಣ್ಣದಾಯಿತೆಂದು ಮತ್ತೆ ಹೇಳಿಸಿದರು. ಅದು ಆಗಬೇಕಾದದ್ದೇ, ಪ್ರತಿಸಲ ಆಗುತ್ತದೆ. ಆದರೆ ಆ ದಿನ ಸದಾನಂದಯ್ಯನವರು ಎದ್ದು ನಿಂತರು. "ಎಷ್ಟು ವರ್ಷ ಅಂತ ಕ್ಷಮಿಸೋದು? ಇವನ ಕೊಬ್ಬು ಒಂದು ಎಳೆಯೂ ಇಳಿದಿಲ್ಲ. ಮುಂದಿನ ತೂಕಕ್ಕೆ ಇಪ್ಪತ್ತೈದರ ಒಳಗೆ ಬರಬೇಕು, ಇಲ್ಲದಿದ್ರೆ ಹೊಳೆ ದಾಟಿ ಹೋಗಬೇಕು" ಅಂದರು. ಹೊಳೆ ದಾಟಿ ಹೋದವರು ತಿರುಗಿ ಬರುವಂತಿಲ್ಲ. ನಾನು ಜೊತೆಗೆ ಹೋಗೋಣ ಎಂದರೆ ಬಿಳಿ ದಾರದವರು ಕೆಂಪು ದಾರದವರ ಹಿಂದೆ ಊರು ಬಿಡುವ ಹಾಗಿಲ್ಲ. ವಿನಯ ಊರಿನ ಆಸ್ತಿಯಂತೆ, ಹೊರಗೆ ಸಾಗಿಸಬಾರದಂತೆ.

ನನಗೆ ನೆತ್ತಿಗೇರಿತು. ಮೆಟ್ಟಿಲ ಮೇಲೆ ಹೋಗಿ ನಿಂತೆ. "ರೀ ಯಜಮಾನ್ರೇ, ಕಣ್ಣಿದ್ಯೋ ಇಲ್ವೋ ನಿಮ್ಗೆ? ಮುಟ್ಟಿ ನೋಡ್ರಿ ಆ ತೋಳ್ನ. ಎಲ್ಲದೆ ಕೊಬ್ಬು? ಕಲ್ಲಿದ್ದಂಗದೆ! ಕೊಬ್ಬು ಬೇಕಾದ್ರೆ ನಿಮ್ಮ ಪಂಚೆ ಗಂಟಿನ್ ಮ್ಯಾಲೆ ಮಡಿಕೆ ಮಡಿಕೆಯಾಗಿ ಕೂತದೆ, ಅದ್ನ ತೂಗಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಸದಾನಂದಯ್ಯನವರ ಮುಖ ಅರಳಿತು. ಸಭೆಯ ಕಡೆ ತಿರುಗಿ, "ನೋಡಿ, ದ್ಯಾವಕ್ಕ ಎಷ್ಟು ವಿನಯದಿಂದ ಕೇಳಿಕೊಂಡಳು. ಇಂಥ ಹೆಣ್ಣಿಗೆ ಎಂಥ ಗಂಡ ಸಿಕ್ಕಿದ" ಎಂದು ನಿಟ್ಟುಸಿರು ಬಿಟ್ಟರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ಬೈದ ಮೇಲೂ ಒಬ್ಬರಿಗೂ ನೋವಾಗದಿದ್ದರೆ ಬೈದವರಿಗೆ ಎಷ್ಟು ಸಂಕಟ ಗೊತ್ತೆ? ನನ್ನ ಸಮಾಧಾನಕ್ಕೆಂದು ವಾಮನರಾಯರು ಬಂದು ಮಾಚಪ್ಪನ ರಟ್ಟೆಯನ್ನು ಚಿವುಟಿದರು. ಚರ್ಮ ಕೈಗೆ ಸಿಗಲಿಲ್ಲ, ಅವರ ಉಗುರೇ ಬಾಗಿತು. "ಗಟ್ಟಿ ಇದೆ" ಎಂದು ಒಪ್ಪಿಕೊಂಡರು. "ಇದು ಮೊಂಡು ಕೊಬ್ಬು. ಮೆತ್ತಗಿನ ಕೊಬ್ಬಿಗಿಂತ ಇದು ಕೆಟ್ಟದ್ದು." ಮಾಚಪ್ಪ ಅವರ ಬೆರಳಿಗೆ ನೋವಾಯಿತೇನೋ ಎಂದು ಊದಲು ಹೋದ.

ಮನೆಯ ದಾರಿ ಹಿಡಿದೆವು. ಮಡಿಕಟ್ಟೆಯ ಹತ್ತಿರ ಬಂದಾಗ ಅವನು ತನ್ನ ಕಲ್ಲಿನ ಮೇಲೆ ಕೂತು, "ಹೊಳೆಯಾಚೆ ಈ ಕಲ್ಲು ಇರಾಕಿಲ್ಲ ಕಣಮ್ಮಿ" ಅಂದ. ಕಲ್ಲನ್ನು ಅಂಗೈಯಿಂದ ಸವರಿ, "ನೀನೂ ಇರಾಕಿಲ್ಲ" ಅಂದ. ಅವನನ್ನು ಹೊಳೆ ದಾಟಲು ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದೆ. ಆಣೆ ಪ್ರಮಾಣ ಏನೂ ಮಾಡಲಿಲ್ಲ, ಸುಮ್ಮನೆ ಅವನ ಬೆನ್ನಿಗೆ ಒಂದು ಗುದ್ದು ಗುದ್ದಿ ಎಬ್ಬಿಸಿಕೊಂಡು ಮನೆಗೆ ಕರೆದುಕೊಂಡು ಬಂದೆ.

ಕೊಬ್ಬು ಇಳಿಸುವುದಕ್ಕೆ ಊರಿನಲ್ಲಿ ಒಂದು ಮದ್ದು ಇದೆ, ಬೈಗುಳ. ಕೊಬ್ಬು ಇಳಿಯಬೇಕಾದರೆ ಬೈಯಬೇಕು, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಮರುದಿನದಿಂದ ಬಿಳಿ ದಾರದವರು ಪಾಳಿಯ ಮೇಲೆ ನಮ್ಮ ಮನೆಗೆ ಬರತೊಡಗಿದರು. ಮೊದಲು ಬಂದವಳು ಗುಂಡಜ್ಜಿ. ಹೆಸರು ಗುಂಡಜ್ಜಿ, ಆಳು ಗಾಳಿಗೆ ಹಾರಿಹೋಗುವ ಹಾಗೆ ಇದ್ದಾಳೆ. ಬೈಗುಳದಲ್ಲಿ ಊರಿಗೇ ಮೊದಲಿಗಳು, ನನಗಿಂತಲೂ ಒಂದು ಕೈ ಮೇಲು, ಒಪ್ಪಿಕೊಳ್ಳುತ್ತೇನೆ. ಬಂದವಳೇ ಜಗಲಿಯ ಮೇಲೆ ನಿಂತು, "ಏನ್ಲಾ ಮಾಚ, ನೆಲ ಕಾಣ್ತದೇನ್ಲಾ ನಿನ್ ಕಣ್ಗೆ? ತಲೆ ಎಲ್ಲದೆ ಅಂತ ಗೊತ್ತದೇನ್ಲಾ ನಿಂಗೆ?" ಎಂದು ಶುರು ಮಾಡಿದಳು. ಮಾಚಪ್ಪ ತಲೆ ಮುಟ್ಟಿ ನೋಡಿಕೊಂಡು, "ಇಲ್ಲೇ ಅದೆ ಕಣಜ್ಜಿ. ನೀನು ಬಿಸ್ಲಲ್ಲಿ ನಿಂತ್ಕಂಡು ಬೈಬ್ಯಾಡ, ಒಳಗ್ ಬಂದು ಬೈ" ಎಂದು ಚಾಪೆ ಹಾಸಿದ. ಮಜ್ಜಿಗೆ ಕೊಟ್ಟ. ಅಜ್ಜಿ ಮಜ್ಜಿಗೆ ಕುಡಿದು, ಇನ್ನೊಂದು ಸುತ್ತು ಬೈದು, ನಡುವೆ ಸೊಂಟ ಹಿಡಿದುಕೊಂಡು ಅಯ್ಯಪ್ಪ ಅಂದಳು. ಅವನು ಅವಳನ್ನು ಮಗುವಿನ ಹಾಗೆ ಎತ್ತಿಕೊಂಡು ಮನೆಗೆ ಬಿಟ್ಟು ಬಂದ. ದಾರಿಯುದ್ದಕ್ಕೂ ಅವಳು ಅವನ ತೋಳಿನ ಮೇಲೆ ಕೂತುಕೊಂಡೇ ಅವನನ್ನು ಬೈದಳಂತೆ. ಪಾಳಿ ತಪ್ಪಿಸಬಾರದಲ್ಲ.

ಚೈತ್ರ ಕಳೆಯಿತು, ವೈಶಾಖವೂ ಕಳೆಯಿತು. ಊರಿನವರ ಬೈಗುಳ ಮುಗಿದು ಪಕ್ಕದೂರಿನ ಬೈಗುಳ ತಂದು ಬೈದರು. ವಾಮನರಾಯರು ತಕ್ಕಡಿ ಹೊರಿಸಿಕೊಂಡೇ ಒಂದು ದಿನ ಮನೆಗೆ ಬಂದು ತೂಗಿದರು. ಮೂವತ್ತೊಂದು, ಮೇಲೊಂದು ಚೂರು. ಮದುವೆಗಳ ಕಾಲವಾದ್ದರಿಂದ ಜಮಖಾನ ಜಾಸ್ತಿ ಬಂದಿದ್ದವು, ರಟ್ಟೆ ಇನ್ನಷ್ಟು ಉಬ್ಬಿತ್ತು. "ಬೈದಷ್ಟೂ ಕೊಬ್ಬುತ್ತಿದ್ದಾನೆ" ಎಂದು ಬರೆದುಕೊಂಡು ಹೋದರು.

ಆಗ ನನ್ನ ತಲೆಗೆ ಒಂದು ವಿಚಾರ ಹೊಳೆಯಿತು. ಬಹಳ ಬುದ್ಧಿವಂತಿಕೆಯ ವಿಚಾರ ಎಂದು ನಾನೇ ಹಿಗ್ಗಿದೆ. ಸದಾನಂದಯ್ಯನವರು ಮಂಟಪದಲ್ಲಿ ನಡೆದು ಹೋಗುವುದನ್ನು ನೋಡುತ್ತಾ ನಿಂತಿದ್ದೆ. ಆ ಕಾಲು, ಆ ಕೈ, ಆ ಹೊಟ್ಟೆ, ಆ ಇಪ್ಪತ್ತಮೂರು. ತಕ್ಕಡಿಗೆ ಬೇಕಾದ್ದು ಏನೆಂಬುದು ಕಣ್ಣೆದುರೇ ಓಡಾಡುತ್ತಿದೆ, ನಾವು ಬೈಸಿಕೊಂಡು ಕೂತಿದ್ದೇವೆ! ಮನೆಗೆ ಬಂದು ಮಾಚಪ್ಪನಿಗೆ ಹೇಳಿದೆ. "ನಿನ್ ತೂಕವೆಲ್ಲ ರಟ್ಟೇಲಿ, ಬೆನ್ನಲ್ಲಿ, ತೊಡೇಲಿ ಅದೆ. ಅದ್ನ ಕರಗುಸ್ಬೇಕು. ನಾಳೆಯಿಂದ ಒಗ್ಯಾಕಿಲ್ಲ ನೀನು. ಹೊರಾಕಿಲ್ಲ. ಎದ್ದೂ ಓಡಾಡಾಕಿಲ್ಲ. ಗಂಜಿ ಕುಡ್ಕಂಡು ಮಲ್ಗು. ನೀನು ಸದಾನಂದಯ್ಯ ಆಗ್ಬೇಕು."

"ಜಮಖಾನ?" ಅಂದ.

"ನಾನ್ ಒಗೀತೀನಿ."

"ನಿನ್ ಕೈಲಿ ಆಗಾಕಿಲ್ಲ ಕಣಮ್ಮಿ."

"ಆಗ್ದೆ ಇದ್ರೆ ಬೈದು ಒಗೀತೀನಿ, ಮಲ್ಗು ನೀನು" ಅಂದೆ.

ಮೊದಮೊದಲು ಅವನನ್ನು ಮಲಗಿಸುವುದೇ ಒಂದು ಕೆಲಸವಾಯಿತು. ನಾನು ಹೊಳೆಗೆ ಹೋದರೆ ಹಿಂದಿನಿಂದ ಬಂದು ಮರದ ಮರೆಯಲ್ಲಿ ನಿಂತು ನೋಡುತ್ತಿದ್ದ. ನಾನು ಜಮಖಾನ ಎಳೆಯಲಾರದೆ ಕೆಸರಿನಲ್ಲಿ ಕೂತರೆ ಓಡಿ ಬರುತ್ತಿದ್ದ, ಕಲ್ಲು ಎಸೆದು ಓಡಿಸುತ್ತಿದ್ದೆ. ಕೈಯಲ್ಲಿ ಬೊಬ್ಬೆ ಎದ್ದವು, ಭುಜ ಕಿತ್ತುಹೋಗುವ ಹಾಗೆ ನೋಯುತ್ತಿತ್ತು. ಆಷಾಢದ ಹೊತ್ತಿಗೆ ಜಮಖಾನದ ತುದಿ ನನ್ನ ತಲೆಯ ಮೇಲಿಂದ ಸುತ್ತಿ ಕಲ್ಲಿಗೆ ಬೀಳತೊಡಗಿತು. ಅದರ ಸದ್ದು ಮಾಚಪ್ಪ ಒಗೆಯುವ ಸದ್ದಿನ ಹಾಗೇ ಇತ್ತು. ಆ ದಿನ ನಾನು ಖುಷಿಯಿಂದ ಹೊಳೆಯನ್ನೇ ಬೈದೆ. ಹಸಿವು ಅಂದರೆ ಹಸಿವು, ಒಂದು ಮುದ್ದೆ ತಿನ್ನುತ್ತಿದ್ದವಳು ಎರಡು ನುಂಗಿ ಮೂರನೆಯದರ ಕಡೆ ನೋಡುತ್ತಿದ್ದೆ.

ಅವನು ಇತ್ತ ಕರಗುತ್ತಾ ಬಂದ. ಮೊದಲು ಭುಜ ಇಳಿಯಿತು. ಆಮೇಲೆ ರಟ್ಟೆಯ ಚರ್ಮ ಜೋತುಬಿತ್ತು. ಎಣ್ಣೆ ಹಚ್ಚುವಾಗ ಬೆನ್ನಿನ ಮೂಳೆಗಳು ಒಂದೊಂದಾಗಿ ಬೆರಳಿಗೆ ಸಿಗುತ್ತಿದ್ದವು. ಎಲ್ಲ ಕಡೆ ಇಳಿದರೂ ಹೊಟ್ಟೆ ಮಾತ್ರ ಒಂದಿಷ್ಟು ಮುಂದೆ ಬಂತು, ಮಲಗಿದವರಿಗೆ ಬರುವ ಮೆತ್ತನೆಯ ಹೊಟ್ಟೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಬೈಯಲು ಬಂದವರೆಲ್ಲ, "ಮುಖದಲ್ಲಿ ವಿನಯ ಕಾಣ್ತಾ ಇದೆ" ಎಂದು ಹೊಗಳಿ ಹೋಗುತ್ತಿದ್ದರು. ನಾನು ಒಂದು ದಿನ ಮಡಿಕಟ್ಟೆಯಲ್ಲಿ ಅವನ ಹಳೆಯ ಅಂಗಿ ಹಿಂಡುತ್ತಾ, ಈ ಅಂಗಿತೋಳನ್ನು ಇನ್ನು ಯಾರ ತೋಳು ತುಂಬುತ್ತದೆ ಎಂದು ಅತ್ತುಬಿಟ್ಟೆ. ಅತ್ತು ಮೂಗು ಒರೆಸಿಕೊಂಡು, ಹೊಳೆ ದಾಟಿ ಹೋಗುವುದಕ್ಕಿಂತ ಇದೇ ವಾಸಿ ಎಂದು ನನಗೆ ನಾನೇ ಹೇಳಿಕೊಂಡೆ.

ದೀಪಾವಳಿ ಕಳೆದ ವಾರ ಗಂಡಸರ ತೂಕ. ಮಾಚಪ್ಪನನ್ನು ನಾನೇ ಕೈ ಹಿಡಿದು ನಡೆಸಿಕೊಂಡು ಹೋದೆ. ತಕ್ಕಡಿಯಲ್ಲಿ ಕೂತ, ಕಂಬಕ್ಕೆ ಒರಗಿದ. ವಾಮನರಾಯರು ಭಾಗಿಸಿದರು, ಖಾತ್ರಿಗೆ ಮತ್ತೆ ಭಾಗಿಸಿದರು. ಇಪ್ಪತ್ತೈದಕ್ಕೆ ಒಂದು ಕೂದಲೆಳೆ ಕಡಿಮೆ. ಜನ ಹೋ ಎಂದು ಕೂಗಿದರು. ಕೆಂಪು ದಾರ ಕತ್ತರಿಸಿ ಬಿಳಿ ದಾರ ಕಟ್ಟಿದರು. ಸದಾನಂದಯ್ಯನವರು ಮಾಚಪ್ಪನನ್ನು ಅಪ್ಪಿಕೊಳ್ಳಲು ಬಂದರು, ಎರಡು ಹೊಟ್ಟೆಗಳು ಮೊದಲು ಅಪ್ಪಿಕೊಂಡವು. ಕೈ ಹಿಡಿದು ಜಮಖಾನದ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು. ಹುಟ್ಟಿದಾಗಿನಿಂದ ಒಗೆದ ಜಮಖಾನದ ಮೇಲೆ ನನ್ನ ಗಂಡ ಮೊದಲ ಸಲ ಕೂತ. ನನಗೆ ಎಷ್ಟು ಸಂತೋಷವಾಯಿತೆಂದರೆ, ಪಕ್ಕದಲ್ಲಿದ್ದ ಗುಂಡಜ್ಜಿಯನ್ನು ಎತ್ತಿ ಕುಣಿಸಿಬಿಟ್ಟೆ. ಎತ್ತುವಾಗ ಅವಳು ಇಷ್ಟು ಹಗುರ ಯಾವಾಗ ಆದಳು ಎಂದುಕೊಂಡೆ.

ಆ ಸಂಜೆ ಒಬ್ಬಟ್ಟು ಮಾಡಿದೆ, ಸಾರು ಮಾಡಿದೆ. ಮಾಚಪ್ಪ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಪಕ್ಕಕ್ಕೆ ಸರಿಸಿದ. "ಉಪ್ಪು ಎಲ್ಲಿ?" ಅಂದ.

ನಾನು ಅವನ ಮುಖ ನೋಡಿದೆ. ತಮಾಷೆ ಇರಬೇಕು ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

ಅಂದಿನಿಂದ ಅವನು ದಿನಾ ಮಂಟಪಕ್ಕೆ ಹೋಗಿ ಕೂರತೊಡಗಿದ. ಮಡಿಕಟ್ಟೆಯ ಕಡೆ ತಿರುಗಿ ನೋಡಲಿಲ್ಲ, ಒಗೆಯಲು ಅವನ ಕೈಯಲ್ಲಿ ಶಕ್ತಿಯೂ ಇರಲಿಲ್ಲ. ಅದರ ಬಗ್ಗೆ ನನಗೆ ಬೇಸರವಿರಲಿಲ್ಲ, ಒಗೆಯುವುದು ನನಗೆ ರೂಢಿಯಾಗಿತ್ತು. ಆದರೆ ಅವನ ಮಾತು ದಿನದಿನಕ್ಕೆ ಬೇರೆಯಾಗುತ್ತಾ ಬಂತು. ಕೆಂಪು ದಾರದ ಗಾರೆ ಕೆಲಸದವರು, ಮೂಟೆ ಹೊರುವವರು ಸಭೆಯ ಹಿಂದೆ ನಿಂತಿದ್ದರೆ ಅವರನ್ನು ನೋಡಿ, "ಮನಸ್ಸು ಮಾಡಿದ್ರೆ ಯಾರ್ ಬೇಕಾದ್ರೂ ಇಳುಸ್ಬೋದು. ನಾನ್ ಇಳುಸ್ಲಿಲ್ವಾ? ಇವ್ರಿಗೆ ಮನಸ್ಸಿಲ್ಲ ಅಷ್ಟೆ" ಅನ್ನುತ್ತಿದ್ದ. ಹೋದ ಯುಗಾದಿಯಲ್ಲಿ ಅವರ ಸಾಲಿನಲ್ಲೇ ನಿಂತಿದ್ದವನು! ಸಭೆ ತಲೆದೂಗುತ್ತಿತ್ತು. ಒಂದು ದಿನ ಗುಂಡಜ್ಜಿ ನಮ್ಮ ಬಾಗಿಲ ಮುಂದೆ ಎಡವಿ ಬಿದ್ದು, "ಮಾಚಾ, ಕೈ ಕೊಡ್ಲಾ" ಅಂದಳು. ಜಗಲಿಯ ಮೇಲೆ ಕೂತಿದ್ದ ಮಾಚಪ್ಪ, "ನಡ್ಯಾಕೆ ಬರ್ದೋರು ಬೀದಿಗ್ ಯಾಕ್ ಬರ್ಬೇಕು?" ಅಂದ. ನಾನು ಓಡಿ ಹೋಗಿ ಅವಳನ್ನು ಎತ್ತಿದೆ. ಅಜ್ಜಿ ಬೈಯಲಿಲ್ಲ. ಬೈಯದೆ ಇರುವ ಗುಂಡಜ್ಜಿಯನ್ನು ನಾನು ಅಂದೇ ಮೊದಲು ನೋಡಿದ್ದು. "ಅವ್ನ್ ಬೈಸ್ಕಂತಿದ್ದಾಗ್ಲೇ ಚೆನ್ನಾಗಿದ್ದ ಕಣೇ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ನಾನು ಜಗಳಕ್ಕೆ ನಿಂತೆ. ಮೊದಲಾದರೆ ಬೈದರೆ ನೀರು ತಂದು ಕೊಡುತ್ತಿದ್ದ ಮನುಷ್ಯ ಈಗ ಬಿಳಿ ದಾರದ ಕೈ ಎತ್ತಿ ತೋರಿಸುತ್ತಿದ್ದ. "ನಾನ್ ಏನ್ ಅಂದ್ರೂ ಅದು ವಿನಯ. ಕೇಳ್ಕಬೇಕು ನೀನು." ಅದೇ ದಾರ ನನ್ನ ಕೈಯಲ್ಲೂ ಇತ್ತು, ಆದರೆ ಅದನ್ನು ತೋರಿಸಿ ಅವನನ್ನು ಗೆಲ್ಲಲು ನನಗೆ ಮನಸ್ಸು ಬರಲಿಲ್ಲ. ನನಗೆ ಗೆಲ್ಲುವುದು ಬೇಕಾಗಿರಲಿಲ್ಲ. ಉಪ್ಪಿಲ್ಲದ ಸಾರಿಗೆ ತನ್ನ ನಾಲಿಗೆಯನ್ನು ಬೈದುಕೊಳ್ಳುವವನು ಬೇಕಾಗಿದ್ದ. ಅವನನ್ನು ಹೊಳೆ ದಾಟಲು ಬಿಡುವುದಿಲ್ಲ ಎಂದು ಹಟ ಮಾಡಿದ್ದೆ. ಬಿಡಲಿಲ್ಲ. ಆದರೂ ಹೋಗಿದ್ದ, ಯಾವ ದಾರಿಯಲ್ಲಿ ಎಂದು ನನಗೆ ತಿಳಿಯಲಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಹೆಂಗಸರ ತೂಕ. ಆ ಬೆಳಿಗ್ಗೆ ನಾನು ಸಭೆಯ ಜಮಖಾನವನ್ನು ಹೆಗಲ ಮೇಲೆ ಹೊತ್ತು ತಂದು ಮಂಟಪದ ಮುಂದೆ ಹಾಸಿದೆ. ಗಂಡಸರು ಬಂದು ಕೂತರು, ಸದಾನಂದಯ್ಯನವರ ಪಕ್ಕದಲ್ಲಿ ಮಾಚಪ್ಪ. ನನ್ನ ಸರದಿ ಬಂದಾಗ ನಿಶ್ಚಿಂತೆಯಿಂದ ತಕ್ಕಡಿಗೆ ಹತ್ತಿದೆ, ಊರಿಗೇ ಹೆಸರಾದ ವಿನಯವಂತೆಯಲ್ಲವೇ. ವಾಮನರಾಯರು ಒಂದು ಕಲ್ಲು ಹೆಚ್ಚಿಗೆ ಇಟ್ಟರು. ತಕ್ಕಡಿ ಏಳಲಿಲ್ಲ. ಇನ್ನೊಂದು ಇಟ್ಟರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಕಂಬಕ್ಕೆ ಒರಗಿಸಿದರು, ಗಾಬರಿಯಲ್ಲಿ ಹಿಮ್ಮಡಿ ಎತ್ತುವುದನ್ನೂ ಮರೆತೆ. ಭಾಗಿಸಿದರು. ಖಾತ್ರಿಗೆ ಭಾಗಿಸಿದರು. ಸದಾನಂದಯ್ಯನವರ ಕಿವಿಯಲ್ಲಿ ಹೇಳಿದರು. ಆಮೇಲೆ ದೊಡ್ಡ ದನಿಯಲ್ಲಿ, "ದ್ಯಾವಕ್ಕ, ಇಪ್ಪತ್ತೈದರ ಮೇಲೆ! ಕೊಬ್ಬು!" ಎಂದು ಕೂಗಿದರು.

ನನ್ನ ಸೆರಗು ಜಾರಿ ತೋಳು ಕಾಣುತ್ತಿತ್ತು. ಆ ತೋಳನ್ನು ನಾನೂ ಆಗಲೇ ಸರಿಯಾಗಿ ನೋಡಿದ್ದು. ಎಲ್ಲಿಂದಲೋ ಗೊತ್ತಿರುವ ತೋಳು. ಹೋದ ಯುಗಾದಿಯವರೆಗೆ ಇನ್ನೊಬ್ಬರ ಹೆಗಲಿನಲ್ಲಿದ್ದ ತೋಳು.

ಕತ್ತರಿಯಿಂದ ಬಿಳಿ ದಾರ ಕತ್ತರಿಸಿದರು. ಕೆಂಪು ದಾರ ಕಟ್ಟುವಾಗ ಮಣಿಕಟ್ಟಿಗೆ ಸಾಲದೆ ಗಂಟು ಎರಡು ಸಲ ಬಿಚ್ಚಿಕೊಂಡಿತು. ಸದಾನಂದಯ್ಯನವರು ಎದ್ದು, "ಇವಳ ವಿನಯವನ್ನು ನಾನೇ ಎಷ್ಟು ಸಲ ಹೊಗಳಿದ್ದೆ. ಛೆ. ಹೇಳಮ್ಮ, ಮೆಟ್ಟಿಲ ಮೇಲೆ ನಿಂತು ಹೇಳಬೇಕಾದ್ದು ಹೇಳು" ಅಂದರು. ನಾನು ಮೆಟ್ಟಿಲ ಮೇಲೆ ನಿಂತೆ. ಬೈಗುಳಗಳೆಲ್ಲ ಗಂಟಲಿನಲ್ಲಿ ಸಾಲುಗಟ್ಟಿ ನಿಂತಿದ್ದವು. ಇಷ್ಟು ವರ್ಷ ಬೈದದ್ದಕ್ಕೆಲ್ಲ ಕಣ್ಣೊರೆಸಿಕೊಂಡ ಜನ, ಇವತ್ತು ಬೈದರೆ ಕೊನೆಗೂ ತಟ್ಟುತ್ತದೆ ಎಂದು ಒಂದು ಗಳಿಗೆ ಆಸೆಯಾಯಿತು. ಅಷ್ಟರಲ್ಲಿ ಮಾಚಪ್ಪನ ಕಡೆ ನೋಡಿದೆ. ಬೆಳಗಿನಿಂದ ಮಡಿಸಿ ಕೂತ ಕಾಲು ಜೋಮು ಹಿಡಿದಿತ್ತು. ಏಳಲು ನೋಡುತ್ತಿದ್ದ, ಕೈ ಊರುತ್ತಿದ್ದ, ತೋಳು ನಡುಗಿ ಮತ್ತೆ ಕೂರುತ್ತಿದ್ದ. ಅಕ್ಕಪಕ್ಕದ ವಿನಯವಂತರು ಯಾರೂ ಅದನ್ನು ನೋಡಲಿಲ್ಲ. ಆ ಹಾಳಾದ ಮನುಷ್ಯನ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಕ್ಷಮೆ ಕೇಳುವುದು ಮರೆತುಹೋಯಿತು. ಮೆಟ್ಟಿಲು ಇಳಿದು ಅವನ ಹತ್ತಿರ ಹೋದೆ. ಬಗ್ಗಿ ಕೈ ಚಾಚಿದೆ. ಮದುವೆಯಾದಾಗಿನಿಂದ ಯಾವತ್ತೂ ಬಾರದ ದನಿ ಬಂತು ನನಗೆ, ಎಷ್ಟು ಮೆತ್ತಗೆ ಅಂದರೆ ನನಗೇ ನಾಚಿಕೆಯಾಯಿತು. "ನಿಧಾನಕ್ಕೆ ಏಳು. ನನ್ ಕೈ ಹಿಡ್ಕ. ಮನೇಗ್ ಹೋಗಾನ ಬಾ, ಬಿಸಿನೀರ್ ಕಾಸ್ತೀನಿ, ಕಾಲ್ ತೊಳ್ದು ಎಣ್ಣೆ ಹಚ್ತೀನಿ" ಅಂದೆ.

ಒಬ್ಬ ಹೆಂಗಸು ಮಗುವಿನ ಕಿವಿ ಮುಚ್ಚಿದಳು. ವಾಮನರಾಯರು ಎರಡು ಹೆಜ್ಜೆ ಹಿಂದೆ ಸರಿದರು. "ಎಲ್ಲರೆದುರು ಎಂಥ ಮಾತು! ಗಂಡ ಅಂತಲೂ ಇಲ್ಲ, ಸಭೆ ಅಂತಲೂ ಇಲ್ಲ" ಎಂದು ಸದಾನಂದಯ್ಯನವರು ಕಣ್ಣು ಮುಚ್ಚಿಕೊಂಡರು. ಮಾಚಪ್ಪ ನನ್ನ ತೋಳನ್ನು ಮಣಿಕಟ್ಟಿನಿಂದ ಭುಜದವರೆಗೆ ನೋಡಿದ. ಆಮೇಲೆ ಯಜಮಾನರ ಕಡೆ ತಿರುಗಿ, "ನೋಡುದ್ರಾ ಸ್ವಾಮಿ, ಎಷ್ಟು ಕೊಬ್ಬು ಇವ್ಳಿಗೆ" ಅಂದ. ಅಷ್ಟು ಹೇಳುವಾಗ ಅವನು ಎರಡೂ ಕೈಯಿಂದ ನನ್ನ ರಟ್ಟೆ ಹಿಡಿದುಕೊಂಡು ಏಳುತ್ತಿದ್ದ.